ಪೀಪಾಯಿಯಲ್ಲಿ ಉಳಿದ ಸಕ್ಕರೆ

ನಾನು ವೈನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಹಣೆಯ ಕುಂಕುಮ ನೋಡುತ್ತಾರೆ, ಕಡೆಗೆ ದನಿ ತಗ್ಗಿಸಿ ಕೇಳುತ್ತಾರೆ: "ಹಾಗಾದ್ರೆ ನೀವು ಕುಡೀತಿದ್ರಾ?" ಇಲ್ಲ, ಉಗಿಯುತ್ತಿದ್ದೆ. ದಿನಕ್ಕೆ ಹತ್ತು ಹನ್ನೆರಡು ಸಲ ವೈನನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ಹೊರಳಾಡಿಸಿ, ಮರದ ಹೊಟ್ಟು ತುಂಬಿದ ಡಬ್ಬಕ್ಕೆ ಉಗಿದೇ ನಾನು ಸಂಬಳ ಸಂಪಾದಿಸಿದ್ದು. ಇದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಚೆನ್ನಾಗಿ ಉಗಿಯುವುದೂ ಒಂದು ವಿದ್ಯೆ, ಅದು ನನಗೆ ಚೆನ್ನಾಗಿಯೇ ಬರುತ್ತಿತ್ತು.

ಈಚೆಗೆ ಪದ್ಮನಾಭನಗರದ ನಮ್ಮ ಮನೆಗೆ ನಾಲ್ಕು ಜನ ಬಂದಿದ್ದರು. ವೈನ್ ತಯಾರಿಕೆಯನ್ನೇ ಓದಿ ಹೊಸದಾಗಿ ಕೆಲಸಕ್ಕೆ ಸೇರಿದವರು. ಅವರಲ್ಲಿ ಒಬ್ಬಳು ಕೇಳಿದಳು: "ಮೇಡಂ, ಈಗೆಲ್ಲ ಮಷೀನಿದೆ. ನಿಮ್ಮ ಕಾಲದಲ್ಲಿ ಯಾವುದು ಸ್ವೀಟು, ಯಾವುದು ಡ್ರೈ ಅಂತ ಹೇಗೆ ಡಿಸೈಡ್ ಮಾಡ್ತಿದ್ರಿ?" ಕಾಫಿ ಕೊಟ್ಟು ಸಣ್ಣದೊಂದು ಉತ್ತರ ಹೇಳಿ ಕಳಿಸಿದೆ. ಅವರು ಹೋದ ಮೇಲೆ ನಾನು ಹೇಳಿದ್ದು ಅರ್ಧ ಮಾತ್ರ ಅನ್ನಿಸಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಅವರಿಗೆ ಕಲಿಯುವುದೇನೂ ಇಲ್ಲ.

ಸಣ್ಣ ಉತ್ತರ ಇಷ್ಟೇ. ದ್ರಾಕ್ಷಿಯ ರಸದಲ್ಲಿ ಸಕ್ಕರೆ ಇರುತ್ತದೆ. ಯೀಸ್ಟು ಆ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ತಿಂದು ಪೂರ್ತಿ ಮುಗಿಸಿದರೆ ಡ್ರೈ ವೈನ್. ಮುಗಿಸುವ ಮೊದಲೇ ನಾವು ತಡೆದು ನಿಲ್ಲಿಸಿದರೆ ಸಕ್ಕರೆ ಉಳಿದುಕೊಳ್ಳುತ್ತದೆ, ಅದು ಸಿಹಿ ವೈನ್. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ಬೆಲೆಗೂ ಸಂಬಂಧವಿಲ್ಲ. ಸಿಹಿಯಾಗಿದೆ ಅಂದರೆ ಸೌಮ್ಯವಾಗಿದೆ ಎಂದೂ ಅರ್ಥವಲ್ಲ. ನಮ್ಮ ಕಾರ್ಖಾನೆಯ ಸಿಹಿ ವೈನು ಡ್ರೈ ವೈನಿಗಿಂತ ಗಟ್ಟಿಯಾಗಿತ್ತು. ಶರಬತ್ತು ಅಂದುಕೊಂಡು ಎರಡು ಲೋಟ ಏರಿಸಿದವರು ಗೇಟಿನ ತನಕ ನೆಟ್ಟಗೆ ನಡೆದದ್ದನ್ನು ನಾನು ಕಂಡಿಲ್ಲ.

ನಾನು ಸೇರಿದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದ್ದೆ. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಈರುಳ್ಳಿಯನ್ನೇ ಹಿತ್ತಿಲಲ್ಲಿ ಇಡುತ್ತಿದ್ದರು, ಅಂಥ ಮನೆ. ಮೇಷ್ಟರ ಕೆಲಸದಿಂದ ನಿವೃತ್ತರಾಗಿದ್ದ ಅಪ್ಪ, ಕೆಲಸದ ಕಾಗದ ಬಂದಾಗ ಅದನ್ನು ಮೂರು ಸಲ ಓದಿ, "ಹಣ್ಣಿನ ರಸದ ಕಾರ್ಖಾನೆ ಅಂತ ಹೇಳೋಣ, ಸುಳ್ಳೇನಲ್ಲವಲ್ಲ" ಎಂದರು. ನೆಂಟರಿಗೆಲ್ಲ ಹಾಗೆಯೇ ಹೇಳಿದರು. ಅಮ್ಮ ಬಚ್ಚಲ ಬಾಗಿಲಲ್ಲಿ ನನಗಾಗಿ ಒಂದು ತಂಬಿಗೆ ನೀರು ಇಟ್ಟಿರುತ್ತಿದ್ದಳು. ಸಂಜೆ ಬಂದವಳು ಬಾಯಿ ಮುಕ್ಕಳಿಸಿ, ಸೀರೆ ಬದಲಿಸಿಯೇ ಅಡುಗೆಮನೆಗೆ ಕಾಲಿಡಬೇಕು. ಒಬ್ಬರೂ ಒಂದು ದಿನವೂ ಕೆಲಸ ಬಿಡು ಎನ್ನಲಿಲ್ಲ. ತಮ್ಮ ಓದುತ್ತಿದ್ದ, ಮನೆ ನಡೆಯಬೇಕಿತ್ತು.

ಕಾರ್ಖಾನೆ ಇದ್ದದ್ದು ಬನ್ನೇರುಘಟ್ಟ ರಸ್ತೆಯಿಂದ ಒಳಗೆ, ಅರೆಕೆರೆಯ ಹತ್ತಿರ, ದ್ರಾಕ್ಷಿ ತೋಟಗಳ ಮಧ್ಯೆ. ಜಯನಗರದ ತನಕ ಬಸ್ಸು. ಅಲ್ಲಿಂದ ಮುಂದೆ ಬರೀ ಅಳತೆ ಕಲ್ಲು ನೆಟ್ಟ ಸೈಟುಗಳು, ಆಮೇಲೆ ಹೊಲ, ಆಮೇಲೆ ನಾವು. ಕಾರ್ಖಾನೆಯ ವ್ಯಾನು ನನ್ನನ್ನು ಖಾಲಿ ಬುಟ್ಟಿಗಳ ಜೊತೆಗೆ ಹತ್ತಿಸಿಕೊಂಡು ಹೋಗುತ್ತಿತ್ತು. ಮಾಲೀಕರು ರಾಮರೆಡ್ಡಿಯವರು, ಆ ಊರಿನವರೇ. ದ್ರಾಕ್ಷಿ ಬೆಳೆದು ಮಾರುಕಟ್ಟೆಗೆ ಕಳಿಸಿ ಬೇಸತ್ತು, ತಾವೇ ವೈನ್ ಮಾಡಲು ಲೈಸೆನ್ಸ್ ಪಡೆದಿದ್ದರು. ಒಳ್ಳೆಯವರು, ಕೋಪಿಷ್ಠರು. ಸಕ್ಕರೆ ಕಾಯಿಲೆ ಇತ್ತು. ಹಾಗಾಗಿ ತಾವು ತಯಾರಿಸುವ ಸಿಹಿ ವೈನನ್ನು ತಾವೇ ರುಚಿ ನೋಡುವಂತಿರಲಿಲ್ಲ. ಆ ಸಿಟ್ಟೂ ಸ್ವಲ್ಪ ಇತ್ತು ಅಂತ ಕಾಣುತ್ತದೆ.

ವೈನ್ ಮಾಡುತ್ತಿದ್ದವರು ಪೀಟರಣ್ಣ. ಆಗಲೇ ಅರವತ್ತರ ಹತ್ತಿರದವರು. ಹುಡುಗರಾಗಿದ್ದಾಗ ಪಾದ್ರಿಗಳ ಬಳಿ ಚರ್ಚಿನ ವೈನ್ ಮಾಡುವುದನ್ನು ಕಲಿತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ. ಪೀಪಾಯಿಗಳನ್ನು ಇಟ್ಟಿದ್ದ ಉದ್ದನೆಯ ಕಟ್ಟಡಕ್ಕೆ ಪೀಪಾಯಿ ಮನೆ ಎನ್ನುತ್ತಿದ್ದೆವು. ಅದರ ಹಿಂದೆಯೇ ಒಂದು ಕೋಣೆಯಲ್ಲಿ ವಾಸ. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಕಟ್ಟಿಸಿದ ಹಲ್ಲಿನ ಸೆಟ್ಟು ಹಾಕಿಕೊಳ್ಳುತ್ತಿದ್ದರು. ವೈನ್ ರುಚಿ ನೋಡುವ ಮೊದಲು ಆ ಸೆಟ್ಟನ್ನು ತೆಗೆದು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಡುತ್ತಿದ್ದರು. "ಇದು ಬಾಯಿ ಅಂಗುಳನ್ನ ಮುಚ್ಚಿಬಿಡುತ್ತೆ ಜಾನಕಮ್ಮ, ರುಚಿ ಒಳಕ್ಕೇ ಬರಲ್ಲ" ಎನ್ನುತ್ತಿದ್ದರು. ಮೊದಲ ದಿನ ನನಗೆ ಅಸಹ್ಯವಾಯಿತು. ಒಂದು ವಾರದಲ್ಲಿ ಅಭ್ಯಾಸವಾಯಿತು.

ಅವರ ಪದ್ಧತಿಗಳು ಕಟ್ಟುನಿಟ್ಟು. ರುಚಿ ನೋಡುವುದು ಬೆಳಿಗ್ಗೆ ಹತ್ತೂವರೆಗೆ ಮಾತ್ರ. ಅದಕ್ಕೆ ಮೊದಲು ಎರಡು ಗಂಟೆ ಕಾಫಿಯಿಲ್ಲ, ಎಲೆಯಡಿಕೆಯಿಲ್ಲ. ಒಂದು ಲೋಟಕ್ಕೂ ಇನ್ನೊಂದು ಲೋಟಕ್ಕೂ ನಡುವೆ ಉಪ್ಪು ಖಾರ ಹಾಕದ ಬರೀ ಪುರಿ ಒಂದು ಹಿಡಿ ಅಗಿಯಬೇಕು. ಹಲ್ಲಿಲ್ಲದ ಅವರು ಅದನ್ನು ಬಾಯಲ್ಲಿ ನೆನೆಸಿ ನುಂಗುತ್ತಿದ್ದರು. ಸೇರಿದ ಹೊಸದರಲ್ಲಿ ನಾನು ಮನೆಯಲ್ಲಿ ಎರಡು ಚಮಚ ಸಕ್ಕರೆಯ ಕಾಫಿ ಕುಡಿದು ಬಂದು, ರುಚಿ ನೋಡಿದ್ದೆಲ್ಲ ಹುಳಿ ಎಂದು ಬರೆಯುತ್ತಿದ್ದೆ. ನಾಲ್ಕನೆಯ ದಿನ ಪೀಟರಣ್ಣ ಕೇಳಿದರು: "ನೀವು ವೈನ್ ಬಗ್ಗೆ ಬರೀತಾ ಇದೀರೋ, ನಿಮ್ಮ ಕಾಫಿ ಬಗ್ಗೆ ಬರೀತಾ ಇದೀರೋ?" ಅಂದಿನಿಂದ ಮಧ್ಯಾಹ್ನದ ತನಕ ಕಾಫಿ ಬಿಟ್ಟೆ. ನಮ್ಮ ಮನೆಯವರಿಗೆ ನಾನು ವೈನ್ ಬಾಯಿಗೆ ಹಾಕುತ್ತೇನೆ ಎಂಬುದಕ್ಕಿಂತ ಕಾಫಿ ಬಿಟ್ಟಿದ್ದೇನೆ ಎಂಬುದೇ ಹೆಚ್ಚು ಗಾಬರಿ ಹುಟ್ಟಿಸಿತು.

ಮೂಗಿನ ಪಾಠ ಇನ್ನೊಂದು. ನಮ್ಮ ಕಡೆಯ ಕಪ್ಪು ದ್ರಾಕ್ಷಿಗೆ ಘಮ ಬಹಳ. ಸಕ್ಕರೆಯೇ ಇಲ್ಲದ ವೈನನ್ನೂ ಮೂಸಿದರೆ ಸಾಕು, ಬಾಯಿ ಅದನ್ನು ಸಿಹಿ ಎಂದು ನಂಬಿಬಿಡುತ್ತದೆ. ಪೀಟರಣ್ಣ ನನಗೆ ಎರಡು ಲೋಟ ಕೊಟ್ಟರು. ಎರಡೂ ಸಿಹಿ ಅಂದೆ. "ಈಗ ಮೂಗು ಹಿಡ್ಕೊಳ್ಳಿ" ಅಂದರು. ಮೂಗು ಹಿಡಿದು ಮತ್ತೆ ಬಾಯಿಗೆ ಹಾಕಿಕೊಂಡರೆ ಒಂದರಲ್ಲಿ ಸಿಹಿಯ ಸುಳಿವೇ ಇಲ್ಲ. ನೀರಿನಂತೆ ತೆಳ್ಳಗೆ, ಬಾಯಿಯ ಎರಡೂ ಬದಿ ಜಗ್ಗುವ ಹುಳಿ, ಒಸಡಿನ ಮೇಲೆ ಸ್ವಲ್ಪ ಒಗರು. ಇನ್ನೊಂದು ನಾಲಿಗೆಯ ತುದಿಯಲ್ಲೇ ಕುಳಿತು, ಉಗಿದ ಮೇಲೂ ತುಟಿಗೆ ಅಂಟಿಕೊಂಡಿತ್ತು. ಹೊಸಬರಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ, ಅನುಮಾನ ಬಂದರೆ ಮೂಗು ಹಿಡಿಯಿರಿ. ಘಮ ಬೇರೆ, ಸಿಹಿ ಬೇರೆ.

ಒಮ್ಮೆ ಜಯನಗರದ ಹೊಸ ಬಂಗಲೆಯೊಂದರ ಯಜಮಾನರು ಕಾರಿನಲ್ಲಿ ಬಂದಿದ್ದರು. ದೊಡ್ಡ ಹುದ್ದೆಯಲ್ಲಿದ್ದವರು, ವಿಲಾಯತಿಗೆ ಹೋಗಿ ಬಂದವರು. "ಈ ಪಾಯಸ ಎಲ್ಲ ಬೇಡ, ನನಗೆ ಡ್ರೈ ಕೊಡಿ" ಎಂದು ಗತ್ತಿನಿಂದ ಕೇಳಿದರು. ಪೀಟರಣ್ಣ ತಾವು ಪ್ರಯೋಗಕ್ಕೆಂದು ಇಟ್ಟುಕೊಂಡಿದ್ದ ಸಣ್ಣ ಪೀಪಾಯಿಯಿಂದ ಒಂದು ಲೋಟ ಕೊಟ್ಟರು. ಆತ ಒಂದು ಗುಟುಕು ಕುಡಿದು, ಮುಖ ಹಿಂಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಮ್ಮ ಆಫೀಸಿನ ಟೀ ತಟ್ಟೆಯಿಂದ ಎರಡು ಚಮಚ ಸಕ್ಕರೆ ಕಲಸಿಕೊಂಡರು. "ಈಗ ಚೆನ್ನಾಗಿದೆ. ಇದೇ ಡ್ರೈ ಒಂದು ಡಜನ್ ಕಳಿಸಿ" ಅಂದರು. ನಾವು ಸಿಹಿಯದನ್ನೇ ಕಳಿಸಿದೆವು. ಬಹಳ ಮೆಚ್ಚಿಕೊಂಡು ಕಾಗದ ಬರೆದರು.

ನಮ್ಮದು ಮುಖ್ಯವಾಗಿ ಸಿಹಿ ವೈನಿನ ಕಾರ್ಖಾನೆ. ಚರ್ಚುಗಳಿಗೆ ಹೋಗುತ್ತಿತ್ತು. ರಸ ಹುದುಗುತ್ತಿರುವಾಗಲೇ, ಇನ್ನೂ ಸಾಕಷ್ಟು ಸಕ್ಕರೆ ಇದೆ ಅನ್ನುವ ಘಳಿಗೆಯಲ್ಲಿ ದ್ರಾಕ್ಷಿಯದೇ ಬ್ರಾಂದಿ ಸೇರಿಸುತ್ತಿದ್ದರು. ಅಬಕಾರಿ ಇಲಾಖೆಯವರು ಬಂದು ಬೀಗ ತೆಗೆದು, ಅಳತೆ ನೋಡಿ, ಮತ್ತೆ ಬೀಗ ಹಾಕಿ ಹೋಗುವರು. ಅಷ್ಟು ಗಟ್ಟಿಯಾದ ಮದ್ಯದಲ್ಲಿ ಯೀಸ್ಟು ಬದುಕುವುದಿಲ್ಲ. ಹುದುಗು ನಿಂತುಹೋಗುತ್ತದೆ, ಸಕ್ಕರೆ ಉಳಿಯುತ್ತದೆ, ವೈನು ವರ್ಷಗಟ್ಟಲೆ ಅಲುಗಾಡದೆ ಇರುತ್ತದೆ. ಇಲ್ಲಿ ಒಂದು ಮಾತು ನೆನಪಿಡಬೇಕು. ಚರ್ಚಿನ ವೈನಿಗೆ ದ್ರಾಕ್ಷಿಯದಲ್ಲದ ಏನನ್ನೂ ಬೆರೆಸುವಂತಿಲ್ಲ. ಅಂಗಡಿಯ ಸಕ್ಕರೆ ಒಂದು ಚಿಟಿಕೆ ಬಿದ್ದರೂ ಅದು ಪೂಜೆಗೆ ಸಲ್ಲದು. ಪೀಟರಣ್ಣ ಪೀಪಾಯಿ ಮನೆಯೊಳಗೆ ಟೀ ಲೋಟವನ್ನು ಕೂಡ ತರಗೊಡುತ್ತಿರಲಿಲ್ಲ. ಅವರ ಪಾಲಿಗೆ ಅದು ಕಾರ್ಖಾನೆಯ ನಿಯಮವಲ್ಲ, ಅವರ ದೇವರ ವಿಷಯ.

ಡ್ರೈ ವೈನಿನ ಬಾಧೆ ಶುರುವಾದದ್ದು ಊರಿನ ಒಂದು ದೊಡ್ಡ ಹೋಟೆಲಿನಿಂದ. ಅಲ್ಲಿಗೆ ಹೊರದೇಶದ ಇಂಜಿನಿಯರುಗಳು ಬಂದಿಳಿಯುತ್ತಿದ್ದರು, ಊಟದ ಜೊತೆ ಡ್ರೈ ಬಿಳಿ ವೈನ್ ಕೇಳುತ್ತಿದ್ದರು. ಮ್ಯಾನೇಜರು ರೆಡ್ಡಿಯವರನ್ನು ಕಂಡು, ಚೆನ್ನಾಗಿದ್ದರೆ ವರ್ಷವಿಡೀ ತೆಗೆದುಕೊಳ್ಳುವುದಾಗಿ ಹೇಳಿದರು. ರೆಡ್ಡಿಯವರು ಅಂದೇ ನಮ್ಮಿಬ್ಬರನ್ನೂ ಕರೆಸಿದರು.

"ಒಂದು ಹನಿ ಸಿಹಿ ಇರಬಾರದಂತೆ. ಆಗುತ್ತೇನಮ್ಮ ಜಾನಕಿ?"

"ಆಗುತ್ತೆ ಸಾರ್. ಸಿಪ್ಪೆ ತೆಗೆದು ರಸ ಮಾತ್ರ ಹುದುಗೋಕೆ ಬಿಟ್ರೆ ಬಿಳೀದೇ ಬರುತ್ತೆ" ಎಂದೆ.

ಪೀಟರಣ್ಣ ಹೇಳಿದರು: "ಆಗುತ್ತೆ, ಟೈಮ್ ಬೇಕು ಸಾರ್. ಕೊನೇ ಸಕ್ಕರೆನ ಯೀಸ್ಟು ನಿಧಾನವಾಗಿ ತಿನ್ನುತ್ತೆ. ಅವಸರ ಮಾಡಿಸಬಾರದು."

ರೆಡ್ಡಿಯವರಿಗೆ ಅವಸರವೇ ಇದ್ದದ್ದು. ಪೀಟರಣ್ಣ ಹೊರಗೆ ಹೋದ ಮೇಲೆ ನನಗೆ ಒಂದು ಮಾತು ಹೇಳಿದರು: "ಹಲ್ಲಿಲ್ಲದ ಮುದುಕನ ನಾಲಿಗೆ ನಂಬ್ಕೊಂಡು ಎಷ್ಟು ದಿನ ಕಾರ್ಖಾನೆ ನಡೆಸ್ಲಮ್ಮ? ಈ ಆರ್ಡರು ನೀನು ಗೆಲ್ಲಿಸಿಕೊಡು. ಪೀಪಾಯಿ ಮನೆ ನಿನಗೇ ವಹಿಸ್ತೀನಿ. ಅವನನ್ನ ಮನೆಗೆ ಕಳಿಸ್ತೀನಿ." ಮನೆಗೆ ಎಂದರು, ಆ ಹಿಂದಿನ ಕೋಣೆ ಬಿಟ್ಟರೆ ಪೀಟರಣ್ಣನಿಗೆ ಮನೆ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಸುಮ್ಮನಿದ್ದೆ. ಇಪ್ಪತ್ತನಾಲ್ಕು ವರ್ಷದವಳಿಗೆ ಪೀಪಾಯಿ ಮನೆಯೇ ಸಿಗುತ್ತದೆ ಅನ್ನುವುದು ತಲೆಗೆ ಏರಿತ್ತು.

ನಾನು ನಂಬಿದ್ದು ಹೈಡ್ರೋಮೀಟರನ್ನು. ಹಾಗೆಂದರೆ ಒಂದು ಗಾಜಿನ ಕಡ್ಡಿ, ಕೆಳಗೆ ಸೀಸದ ಗುಂಡು. ರಸದಲ್ಲಿ ಬಿಟ್ಟರೆ ತೇಲುತ್ತದೆ. ಸಕ್ಕರೆ ಹೆಚ್ಚಿದ್ದರೆ ದ್ರವ ಭಾರ, ಕಡ್ಡಿ ಮೇಲೆ ನಿಲ್ಲುತ್ತದೆ. ಸಕ್ಕರೆ ಕಡಿಮೆಯಾದಂತೆ ಮುಳುಗುತ್ತಾ ಹೋಗುತ್ತದೆ. ಬರೀ ನೀರಿನಲ್ಲಿ ಬಿಟ್ಟರೆ ಸಾವಿರ ತೋರಿಸುತ್ತದೆ. ಪೀಟರಣ್ಣ ಇದನ್ನು ಮುಟ್ಟುತ್ತಿರಲಿಲ್ಲ. ಪೀಪಾಯಿಗೆ ಕಿವಿಯಿಟ್ಟು ಕೇಳುವರು. ಒಳಗಿನ ಗುಳ್ಳೆಗಳ ಸದ್ದು ಕೇಳಿದರೆ "ಇನ್ನೂ ಮಾತಾಡ್ತಾ ಇದೆ" ಎನ್ನುವರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ಹೋಟೆಲಿನವರ ಪೀಪಾಯಿಯಲ್ಲಿ ಕಡ್ಡಿಯ ಅಂಕಿ ದಿನದಿನಕ್ಕೂ ಇಳಿಯಿತು. ಸಾವಿರದ ಎಂಬತ್ತರಿಂದ ಸಾವಿರದ ನಲವತ್ತು, ಸಾವಿರದ ಹತ್ತು, ಸಾವಿರದ ಐದು. ಒಂದು ಬೆಳಿಗ್ಗೆ ಸರಿಯಾಗಿ ಸಾವಿರಕ್ಕೆ ಬಂದು ನಿಂತಿತು. ನೀರಿನ ಅಳತೆ! ನೀರಿನಲ್ಲಿ ಸಕ್ಕರೆ ಎಲ್ಲಿಂದ? ಸಕ್ಕರೆ ಮುಗಿಯಿತು ಎಂದು ನಾನು ರೆಡ್ಡಿಯವರನ್ನು ಕರೆತಂದೆ.

ಪೀಟರಣ್ಣ ಹಲ್ಲಿನ ಸೆಟ್ಟು ತೆಗೆದು ಜೇಬಿಗಿಟ್ಟು, ಒಂದು ಗುಟುಕು ಬಾಯಿಗೆ ಹಾಕಿ ಬಹಳ ಹೊತ್ತು ಇಟ್ಟುಕೊಂಡು ಉಗಿದರು. "ಇನ್ನೂ ಇದೆ ಜಾನಕಮ್ಮ. ಎರಡು ವಾರ ಬಿಡಿ."

ನಾನೂ ರುಚಿ ನೋಡಿದೆ. ನನಗೆ ಹುಳಿ ಬಿಟ್ಟರೆ ಏನೂ ತಿಳಿಯಲಿಲ್ಲ. ಹುಳಿ ಚೆನ್ನಾಗಿದ್ದರೆ ಸ್ವಲ್ಪ ಸಿಹಿಯನ್ನು ಮುಚ್ಚಿಹಾಕುತ್ತದೆ, ಆಗ ಅದು ನನಗೆ ಗೊತ್ತಿರಲಿಲ್ಲ. "ಪೀಟರಣ್ಣ, ಈ ಕಡ್ಡಿಗೆ ವಯಸ್ಸಾಗಲ್ಲ" ಎಂದುಬಿಟ್ಟೆ. ಎಲ್ಲರ ಎದುರಿಗೆ ಅಂದೆ. ರೆಡ್ಡಿಯವರು ಗಟ್ಟಿಯಾಗಿ ನಕ್ಕರು. ಪೀಟರಣ್ಣ ಲೋಟ ತೊಳೆಯಲು ಹೋದರು.

ಮರುದಿನ ಬಾಟಲಿಗೆ ತುಂಬಿದೆವು. ತುಂಬುವ ಮೊದಲು ಪದ್ಧತಿಯಂತೆ ಪೀಪಾಯಿಯಿಂದ ಎರಡು ಸಣ್ಣ ಬಾಟಲಿ ಮಾದರಿ ತೆಗೆದು, ಬಿರಡೆಗೆ ಅರಗು ಹಾಕಿ ನನ್ನ ಕಪಾಟಿನಲ್ಲಿ ಬೀಗ ಹಾಕಿಟ್ಟೆ. ಸರಕು ಹೋಟೆಲಿಗೆ ಹೋಯಿತು. ಈಸ್ಟರ್ ಹಬ್ಬದ ಚರ್ಚಿನ ಸರಬರಾಜು ಮುಗಿದ ಮೇಲೆ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡುವಂತೆ ಪೀಟರಣ್ಣನಿಗೆ ಹೇಳಿದ್ದಾಯಿತು.

ಈಸ್ಟರ್ ಕಳೆದ ವಾರ, ಬಿಸಿಲು ಏರಿದ ಕಾಲ. ಗುರುವಾರ ಮಧ್ಯಾಹ್ನ ಹೋಟೆಲಿನ ಗಾಡಿ ಸರಕನ್ನೆಲ್ಲ ಹೊತ್ತು ವಾಪಸು ಬಂತು. ಊಟದ ಮೇಜಿನ ಮೇಲೆ ಒಂದು ಬಾಟಲಿಯ ಬಿರಡೆ ತಾನಾಗಿಯೇ ಹಾರಿ ಅತಿಥಿಗಳ ಮೈಮೇಲೆಲ್ಲ ನೊರೆ ಚೆಲ್ಲಿತ್ತು. ಉಗ್ರಾಣದಲ್ಲಿ ನಾಲ್ಕು ಬಾಟಲಿ ಸಿಡಿದಿದ್ದವು. ಮ್ಯಾನೇಜರ ಕಾಗದ ಮೂರೇ ಸಾಲು, ಇನ್ನು ಮುಂದೆ ನಮ್ಮ ಹೆಸರೂ ಬೇಡ ಎಂದು.

ಬಾಟಲಿಯೊಳಗೆ ಮತ್ತೆ ಹುದುಗು ಬಂದಿದೆ ಎಂಬುದು ಎಲ್ಲರಿಗೂ ತಿಳಿಯಿತು. ಸಕ್ಕರೆ ಇಲ್ಲದೆ ಹುದುಗು ಬರುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತು. ರೆಡ್ಡಿಯವರು ಅಂಗಳದಲ್ಲಿ, ಕೆಲಸದವರೆಲ್ಲರ ಮುಂದೆ, ಪೀಟರಣ್ಣನ ಮೇಲೆ ಹರಿಹಾಯ್ದರು.

"ಮನೆ ಬಿಡು ಅಂದಿದ್ದಕ್ಕೆ ಸೇಡು ತೀರಿಸ್ಕೊಂಡ್ಯೇನೋ? ಬಾಟಲಿ ತುಂಬೋವಾಗ ಸಕ್ಕರೆ ಸುರಿದಿದೀಯ!"

"ನನ್ನ ಕೈ ಅಂಥ ಕೆಲಸ ಮಾಡಲ್ಲ ಸಾರ್."

"ಮಾಡಲ್ವಾ? ಇಷ್ಟು ವರ್ಷ ಚರ್ಚಿನ ವೈನಿಗೂ ಹಿಂಗೇ ಸಕ್ಕರೆ ಹಾಕ್ತಿದ್ಯೋ ಏನೋ, ಯಾರಿಗೆ ಗೊತ್ತು!"

ಕೆಲಸದವರಲ್ಲಿ ಮೂವರು ಪೀಟರಣ್ಣನ ಚರ್ಚಿಗೇ ಹೋಗುವವರು. ಅವರು ತಲೆ ತಗ್ಗಿಸಿದರು. ಪೀಟರಣ್ಣ ತಮ್ಮ ಕೋಣೆಗೆ ಹೋದರು.

ಶುಕ್ರವಾರ ಬೆಳಿಗ್ಗೆ ನಾನು ಕಪಾಟಿನ ಬೀಗ ತೆಗೆದೆ. ಮಾದರಿ ಬಾಟಲಿಯ ಅರಗು ಹಾಗೆಯೇ ಇತ್ತು, ನನ್ನ ಗುರುತು ಹಾಗೆಯೇ ಇತ್ತು. ಬೀಗದ ಕೈ ನನ್ನೊಬ್ಬಳ ಹತ್ತಿರ. ಬಿರಡೆ ಎಳೆದರೆ ಬುಸ್ ಎಂದಿತು. ಸಕ್ಕರೆ ಕಾಯಿಲೆಯವರ ಮೂತ್ರ ಪರೀಕ್ಷೆಗೆ ಬಳಸುವಂಥ ನೀಲಿ ದ್ರಾವಣ ಅದೇ ಕಪಾಟಿನಲ್ಲಿತ್ತು. ಅದಕ್ಕೆ ನಾಲ್ಕು ಹನಿ ವೈನ್ ಬಿಟ್ಟು ಕಾಯಿಸಿದೆ. ಸಕ್ಕರೆ ಇರದಿದ್ದರೆ ನೀಲಿ ನೀಲಿಯಾಗಿಯೇ ಉಳಿಯಬೇಕು. ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆಯ ಕೆಂಪಿಗೆ ಬಂತು. ಬಾಟಲಿ ತುಂಬುವ ಮೊದಲು ಮಾಡಿದ್ದರೆ ಐದು ನಿಮಿಷದ ಕೆಲಸ. ಕಡ್ಡಿ ಸಾವಿರಕ್ಕೆ ನಿಂತ ಸಂಭ್ರಮದಲ್ಲಿ ನನಗೆ ಅದು ಹೊಳೆದೇ ಇರಲಿಲ್ಲ.

ತಪ್ಪು ಎಲ್ಲಿ ಎಂಬುದೂ ಆಗಲೇ ತಿಳಿಯಿತು. ಮದ್ಯಸಾರ ನೀರಿಗಿಂತ ಹಗುರ. ಸಕ್ಕರೆ ಭಾರ. ಎರಡೂ ಇರುವ ವೈನಿನಲ್ಲಿ ಸಕ್ಕರೆ ಕಡ್ಡಿಯನ್ನು ಮೇಲಕ್ಕೆತ್ತುತ್ತದೆ, ಮದ್ಯಸಾರ ಕೆಳಕ್ಕಿಳಿಸುತ್ತದೆ, ಕಡ್ಡಿ ನೀರಿನ ಅಂಕಿಯಲ್ಲೇ ನಿಲ್ಲುತ್ತದೆ. ನಿಜವಾಗಿ ಸಕ್ಕರೆ ಮುಗಿದ ವೈನ್ ಸಾವಿರಕ್ಕಿಂತ ಕೆಳಗೆ ಹೋಗಬೇಕು, ಒಂಬೈನೂರ ತೊಂಬತ್ತೈದು, ಇನ್ನೂ ಕೆಳಗೆ. ನಾನು ವೈನನ್ನು ನೀರಿಗೆ ಹೋಲಿಸಿದ್ದೆ. ಯೀಸ್ಟು ಇನ್ನೂ ಊಟಕ್ಕೆ ಕುಳಿತಿದ್ದಾಗಲೇ ಎಲೆ ಎತ್ತಿಬಿಟ್ಟಿದ್ದೆ. ಪೀಟರಣ್ಣ ಕೇಳಿದ ಎರಡು ವಾರ ಸರಿಯಾದ ಲೆಕ್ಕವಾಗಿತ್ತು.

ಇಲ್ಲಿಯ ತನಕ ಬರೆಯುವುದು ಸುಲಭವಾಗಿತ್ತು. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ನನಗೆ ಎಲ್ಲವೂ ತಿಳಿದಿತ್ತು. ರೆಡ್ಡಿಯವರು ಮೂವತ್ತು ಹೆಜ್ಜೆ ದೂರದ ಆಫೀಸಿನಲ್ಲಿದ್ದರು. ನಾನು ಹೋಗಲಿಲ್ಲ. ಕೆಲಸ ಹೋಗುತ್ತದೆ ಎಂಬ ಭಯ ಒಂದು. ಅದಕ್ಕಿಂತ ದೊಡ್ಡದು ಅಹಂಕಾರ. ಅಲ್ಲಿದ್ದ ಓದಿದ ಹೆಂಗಸು ನಾನೊಬ್ಬಳೇ. "ಹೆಂಗಸಿನ ಕೈಗೆ ಕೊಟ್ರೆ ಹಿಂಗೇ" ಎಂದು ನಾಳೆ ಊರೆಲ್ಲ ಆಡುತ್ತಾರೆ ಎಂದುಕೊಂಡೆ. ಶನಿವಾರವೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕೆಲಸದವರು ಪೀಟರಣ್ಣನನ್ನು ಬಿಟ್ಟು ಬೇರೆ ಕುಳಿತದ್ದನ್ನು ಕಿಟಕಿಯಿಂದ ನೋಡಿದೆ. ನೋಡಿ ನನ್ನ ಡಬ್ಬಿ ಬಿಚ್ಚಿ ಮೊಸರನ್ನ ತಿಂದೆ.

ಭಾನುವಾರ ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, "ಆ ಮನುಷ್ಯನಿಗೆ ಗೊತ್ತಾ, ತಪ್ಪು ನಿಂದು ಅಂತ?" ಎಂದು ಮಾತ್ರ ಕೇಳಿದರು. ಗೊತ್ತೇ ಇರುತ್ತದೆ ಎಂದೆ. "ಗೊತ್ತಿದ್ದೂ ನಿನ್ನ ಹೆಸರು ಹೇಳಿಲ್ಲವಲ್ಲ" ಎಂದು ಪೇಪರ್ ಎತ್ತಿಕೊಂಡರು. ಆ ದಿನ ನನಗೆ ಊಟ ಸೇರಲಿಲ್ಲ.

ಸೋಮವಾರ ಮೊದಲ ಬಸ್ಸು ಹಿಡಿದು, ವ್ಯಾನಿಗೂ ಕಾಯದೆ ಕಾರ್ಖಾನೆಗೆ ನಡೆದು, ಕಪಾಟಿನಿಂದ ಎರಡನೆಯ ಮಾದರಿ ಬಾಟಲಿ ತೆಗೆದುಕೊಂಡು ರೆಡ್ಡಿಯವರ ಮನೆಗೇ ಹೋದೆ. ಅವರು ಜಗಲಿಯಲ್ಲಿ ಸ್ಪಿರಿಟ್ ಸ್ಟವ್ ಹೊತ್ತಿಸಿಕೊಂಡು ತಮ್ಮ ಬೆಳಗಿನ ಮೂತ್ರ ಪರೀಕ್ಷೆಯಲ್ಲಿದ್ದರು. ಕೈಯಲ್ಲಿ ನಳಿಕೆ, ಅದರಲ್ಲಿ ನೀಲಿ. ನನ್ನನ್ನು ಕಂಡು ಅದನ್ನು ಪಂಚೆಯ ಮರೆಗೆ ಮಾಡಿಕೊಂಡರು.

"ಏನಮ್ಮ ಇಷ್ಟು ಹೊತ್ತಿಗೆ?"

"ಆ ನೀಲಿ ದ್ರಾವಣ ಸ್ವಲ್ಪ ಕೊಡಿ ಸಾರ್" ಎಂದೆ. ಬೇರೆ ನಳಿಕೆಯಲ್ಲಿ ಹಾಕಿ, ಅರಗಿನ ಗುರುತು ತೋರಿಸಿ ಎರಡನೆಯ ಮಾದರಿ ಬಾಟಲಿಯನ್ನು ಅವರ ಎದುರಿಗೇ ತೆಗೆದು, ಹನಿ ಬಿಟ್ಟು, ಅವರ ಸ್ಟವ್ ಮೇಲೆಯೇ ಕಾಯಿಸಿದೆ. ಇಟ್ಟಿಗೆ ಕೆಂಪು. ಆ ಬಣ್ಣದ ಅರ್ಥವನ್ನು ರೆಡ್ಡಿಯವರಿಗೆ ಯಾರೂ ವಿವರಿಸಬೇಕಿರಲಿಲ್ಲ.

"ಅಯ್ಯೋ, ಇದು ನನಗಿಂತ ಜಾಸ್ತಿ ಇದೆಯಲ್ಲಮ್ಮ! ಯಾರು ಹಾಕಿದ್ದು ಸಕ್ಕರೆನ?"

"ಯಾರೂ ಹಾಕಿಲ್ಲ ಸಾರ್. ಪೀಪಾಯಿಂದ ನಾನೇ ತೆಗೆದು ನನ್ನ ಬೀಗದಲ್ಲಿ ಇಟ್ಟಿದ್ದು ಇದು. ದ್ರಾಕ್ಷಿ ಸಕ್ಕರೆನೇ. ಮುಗಿಯೋ ಮೊದಲೇ ಮುಗೀತು ಅಂತ ನಾನು ಹೇಳಿದೆ. ಪೀಟರಣ್ಣ ಬೇಡ ಅಂದ್ರು. ತಪ್ಪು ನಂದು."

ಬೈದರು. ತೆಲುಗಿನಲ್ಲಿ ಬೈದರು, ಕನ್ನಡದಲ್ಲಿ ಬೈದರು, ನನ್ನ ಕಾಲೇಜನ್ನೂ ಬೈದರು. ನಾನು ನಿಂತು ಕೇಳಿಸಿಕೊಂಡೆ. ಆಮೇಲೆ ಆಳು ಕಳಿಸಿ ಪೀಟರಣ್ಣನನ್ನು ಕರೆಸಿದರು.

"ನೀನು ಹಾಕಿಲ್ಲ ಅಂದಮೇಲೆ, ಸಕ್ಕರೆ ಮೊದಲೇ ಇತ್ತು ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ನಲ್ಲ ಸಾರ್, ಬಾಟಲಿ ತುಂಬೋ ಮೊದಲೇ. ನೀವು ನಕ್ಕಿರಿ" ಎಂದರು ಪೀಟರಣ್ಣ.

ರೆಡ್ಡಿಯವರು ಸ್ಟವ್ ಆರಿಸಿದರು. "ಹಂಗಾದ್ರೆ ಇವಳನ್ನ ಕಳಿಸಿಬಿಡ್ಲಾ?"

"ಬೇಡ ಸಾರ್. ಇವರು ಈ ತಪ್ಪು ಮಾಡಿ ಮುಗಿಸಿದ್ರು. ಹೊಸಬರನ್ನ ತಂದ್ರೆ ಅವರು ಮೊದಲಿಂದ ಮಾಡ್ಬೇಕಾಗುತ್ತೆ."

ಕ್ಷಮೆ ಕೇಳುವುದು ರೆಡ್ಡಿಯವರಿಗೆ ಬರುತ್ತಿರಲಿಲ್ಲ. ಆದರೆ ಅಂದು ಕೆಲಸದವರನ್ನೆಲ್ಲ ಅದೇ ಅಂಗಳಕ್ಕೆ ಕರೆಸಿ, "ವೈನಿಗೆ ಯಾರೂ ಸಕ್ಕರೆ ಹಾಕಿಲ್ಲ, ಅಳತೆ ತಪ್ಪಾಗಿತ್ತು. ಪೀಟರ್ ಎಲ್ಲೂ ಹೋಗಲ್ಲ" ಎಂದು ಗಟ್ಟಿಯಾಗಿ ಹೇಳಿದರು. ಅಳತೆ ನನ್ನದು ಎಂದು ನಾನು ಸೇರಿಸಿದೆ. ಮರುದಿನದಿಂದ ರಿಜಿಸ್ಟರಿನಲ್ಲಿ ಮೂರು ಕಲಂ ಬಂದವು: ಕಡ್ಡಿ ಹೇಳಿದ್ದು, ನೀಲಿ ದ್ರಾವಣ ಹೇಳಿದ್ದು, ಪೀಟರಣ್ಣ ಹೇಳಿದ್ದು. ಮೂರೂ ಒಪ್ಪಿದರೆ ಮಾತ್ರ ಬಾಟಲಿ. ಅದಾದ ಮೇಲೆ ನಮ್ಮ ಒಂದು ಬಾಟಲಿಯೂ ಸಿಡಿಯಲಿಲ್ಲ. ಎರಡು ವರ್ಷದ ಮೇಲೆ ಅದೇ ಹೋಟೆಲಿನವರು ಮತ್ತೆ ಬಂದು ನಮ್ಮ ಡ್ರೈ ವೈನ್ ತೆಗೆದುಕೊಂಡು ಹೋದರು. ಹೊಸ ಹುಡುಗರು ಈ ಮೂರು ಕಲಮಿನ ಕಥೆ ಕೇಳಿದರೆ ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ವಾಪಸು ಬಂದ ಬಾಟಲಿಗಳನ್ನು ತೆರೆದು ವೈನನ್ನು ಪೀಪಾಯಿಗೆ ಸುರಿಯುವ ಕೆಲಸ ಆ ವಾರ ನಮ್ಮಿಬ್ಬರದೇ ಆಯಿತು. ಒಂದೊಂದು ಬಾಟಲಿಗೂ ಒದ್ದೆ ಗೋಣಿತಾಟು ಸುತ್ತಿ, ಮುಖ ಆಚೆ ತಿರುಗಿಸಿ ಬಿರಡೆ ಸಡಿಲಿಸಬೇಕು. ನಾನು ಹೆದರುತ್ತಿದ್ದೆ, ಪೀಟರಣ್ಣ ನನ್ನ ಕೈಯಿಂದ ತೆಗೆದುಕೊಂಡು ತಾವೇ ತೆರೆಯುತ್ತಿದ್ದರು. ಕೊನೆಗೆ ನಾನೇ ಹೇಳಿದೆ:

"ಪೀಟರಣ್ಣ, ನನಗೆ ಶುಕ್ರವಾರವೇ ಗೊತ್ತಾಗಿತ್ತು. ಎರಡು ದಿನ ಬಾಯಿ ಮುಚ್ಕೊಂಡಿದ್ದೆ. ಕ್ಷಮಿಸಿ."

ಅವರು ಕೈಯಲ್ಲಿದ್ದ ಬಾಟಲಿಯನ್ನು ತೆರೆದು, ನೊರೆ ಇಳಿಯುವ ತನಕ ಕಾದು, ಪೀಪಾಯಿಗೆ ಸುರಿದು, ಖಾಲಿ ಬಾಟಲಿಯನ್ನು ಬುಟ್ಟಿಯಲ್ಲಿಟ್ಟರು.

"ಎರಡಲ್ಲ, ಮೂರು. ನೀವು ಭಾನುವಾರ ಬಿಟ್ಟುಬಿಟ್ರಿ. ಕಾರ್ಖಾನೆಗೆ ರಜ, ಅದಕ್ಕೆ ನಿಮಗೆ ಲೆಕ್ಕಕ್ಕೆ ಬಂದಿಲ್ಲ. ನಲವತ್ತು ವರ್ಷದಲ್ಲಿ ನಾನು ಚರ್ಚಿಗೆ ಹೋಗದೇ ಇದ್ದ ಭಾನುವಾರ ಅದೊಂದೇ ಜಾನಕಮ್ಮ. ಫಾದರ್ ಕೈಯಲ್ಲಿರೋ ಬಟ್ಟಲಲ್ಲಿ ನಾನು ಮಾಡಿದ ವೈನು. ಅದಕ್ಕೆ ಸಕ್ಕರೆ ಬಿದ್ದಿದ್ಯೋ ಏನೋ ಅಂತ ಎಲ್ಲರೂ ಅದನ್ನೇ ನೋಡ್ತಾ ನಿಂತಿರ್ತಾರೆ. ನಾನು ಹೆಂಗೆ ಹೋಗ್ಲಿ?"

ಅವರು ಮುಂದಿನ ಬಾಟಲಿಗೆ ಗೋಣಿತಾಟು ಸುತ್ತತೊಡಗಿದರು.